ಒಂಬತ್ತು ಗುಂಟೆಯ ಚುಕ್ಕೆ

ಬಂಗಾರಪೇಟೆ ತಾಲ್ಲೂಕಿನಲ್ಲಿ ಒಂದು ಎಕರೆ ಹೊಲ ಇರುವ ರೈತನಿಗೆ ಅದರ ಮೂಲೆಮೂಲೆಯೂ ಗೊತ್ತಿರುತ್ತದೆ. ಬದುವಿನ ಹೊಂಗೆ ಮರದ ನೆರಳಿಗೆ ಎಷ್ಟು ಸಾಲು ರಾಗಿ ಸೊರಗುತ್ತದೆ, ಯಾವ ಕಡೆ ಮಣ್ಣು ತೆಳುವಾಗಿ ಗರಸು ಮೇಲೆದ್ದಿದೆ, ಮಳೆ ಕೈಕೊಟ್ಟರೆ ಮೊದಲು ಬಾಡುವುದು ಯಾವ ಭಾಗ, ಇದನ್ನೆಲ್ಲ ಅವನು ಕಣ್ಣುಮುಚ್ಚಿ ಹೇಳಬಲ್ಲ. ಅದೇ ಹೊಲದ ಮೇಲೆ 636 ಕಿಲೋಮೀಟರ್ ಎತ್ತರದಲ್ಲಿ ಇಸ್ರೊದ ಹೈಸಿಸ್‌ನಂಥ ಉಪಗ್ರಹ ಹಾದುಹೋದರೆ ಅದಕ್ಕೆ ಕಾಣುವುದು ನಾಲ್ಕೂವರೆ ಚುಕ್ಕೆ ಮಾತ್ರ. ಒಂದು ಚುಕ್ಕೆ ಎಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಅದು 900 ಚದರ ಮೀಟರ್. ಪಹಣಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂಬತ್ತು ಗುಂಟೆ.

ಆ ಒಂಬತ್ತು ಗುಂಟೆಯಲ್ಲಿ ಇರುವುದು ರಾಗಿಯೊಂದೇ ಅಲ್ಲ. ಕೋಲಾರ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಎಂಟು ಹತ್ತು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ. ಅಂಚಿಗೆ ಹರಳು. ಸಾಲುಗಳ ನಡುವೆ ಕೆಂಪು ಮಣ್ಣು, ಅದರ ಮೇಲೆ ಎಲೆಗಳ ನೆರಳು, ಬದುವಿನ ಮೇಲೆ ಹುಲ್ಲು. ಇಷ್ಟೂ ಸೇರಿ ಒಂದು ಚುಕ್ಕೆ. ಸಾಮಾನ್ಯ ಉಪಗ್ರಹಕ್ಕೆ ಅದು ಹಸಿರೆಂದೋ, ಅರೆಹಸಿರೆಂದೋ ತೋರುತ್ತದೆ. ಹೈಸಿಸ್ ಆ ಒಂದೇ ಚುಕ್ಕೆಯ ಬಗ್ಗೆ ಸುಮಾರು ಮುನ್ನೂರು ಬೇರೆ ಬೇರೆ ಅಳತೆಗಳನ್ನು ಕಳಿಸುವಂತೆ ರೂಪಿಸಿದ ಉಪಗ್ರಹ. ಆ ಮುನ್ನೂರು ಅಂಕಿಗಳಿಂದ ರಾಗಿಯನ್ನೂ ಅವರೆಯನ್ನೂ ಮಣ್ಣನ್ನೂ ಬಿಡಿಸಿ ತೆಗೆಯಲು ಸಾಧ್ಯವೇ ಎಂಬುದು ಈ ಅಧ್ಯಾಯದ ಪ್ರಶ್ನೆ. ಸಣ್ಣ ಹಿಡುವಳಿಯ, ಬೆರಕೆ ಬೆಳೆಯ ನಾಡಿಗೆ ಹೈಪರ್‌ಸ್ಪೆಕ್ಟ್ರಲ್ ದೂರಸಂವೇದನೆಯಿಂದ ಏನು ಪ್ರಯೋಜನ ಎಂಬುದು ಬಹುಮಟ್ಟಿಗೆ ಇದಕ್ಕೆ ಸಿಗುವ ಉತ್ತರದ ಮೇಲೆಯೇ ನಿಂತಿದೆ.

ಬಂಗಾರಪೇಟೆಯ ಪಾನಿಪುರಿ ತಿಂದವರಿಗೆ ಒಂದು ಸಂಗತಿ ಗೊತ್ತು. ಅಲ್ಲಿನ ಪಾನಿ ನೋಡಲು ತಿಳಿನೀರು. ಅದರಲ್ಲಿ ಖಾರ ಎಷ್ಟು, ಹುಳಿ ಎಷ್ಟು, ಮಸಾಲೆ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ, ನಾಲಿಗೆಗೆ ತಿಳಿಯುತ್ತದೆ. ಬೆಳಕಿನ ವಿಷಯದಲ್ಲೂ ನಮ್ಮ ಕಣ್ಣಿನ ಶಕ್ತಿಗೆ ಮಿತಿಯಿದೆ. ಕಣ್ಣಿನ ಪರದೆಯಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರೇ ಬಗೆ. ಸೂರ್ಯನ ಬೆಳಕಿನಲ್ಲಿ ಬರುವ ಅಸಂಖ್ಯ ತರಂಗಗಳನ್ನು ಅವು ಮೂರು ಮೊತ್ತಗಳಾಗಿ ಕೂಡಿ ಮಿದುಳಿಗೆ ಕಳಿಸುತ್ತವೆ. ಕೂಡಿದ ಮೇಲೆ ಬಿಡಿ ಸಂಖ್ಯೆಗಳು ಸಿಗುವುದಿಲ್ಲ. ಆದ್ದರಿಂದಲೇ ಗೊಬ್ಬರ ಕಡಿಮೆಯಾದ ರಾಗಿಯ ಹಸಿರು ಮತ್ತು ನೀರು ಕಡಿಮೆಯಾದ ರಾಗಿಯ ಹಸಿರು ದೂರದಿಂದ ಒಂದೇ ಆಗಿ ಕಾಣಬಹುದು. ಹೈಪರ್‌ಸ್ಪೆಕ್ಟ್ರಲ್ ಉಪಕರಣ ಬೆಳಕನ್ನು ಕೂಡುವ ಮುಂಚೆಯೇ ಬಿಡಿಸಿ ಅಳೆಯುತ್ತದೆ. 400 ನ್ಯಾನೊಮೀಟರ್‌ನ ನೇರಳೆಯಿಂದ ಹಿಡಿದು ಕಣ್ಣಿಗೆ ಕಾಣದ ಅವಕೆಂಪಿನ 2,400–2,500 ನ್ಯಾನೊಮೀಟರ್‌ವರೆಗೆ, ಐದೋ ಹತ್ತೋ ನ್ಯಾನೊಮೀಟರ್ ಅಗಲದ ಪಟ್ಟಿಗಳಲ್ಲಿ, ನಡುವೆ ಒಂದನ್ನೂ ಬಿಡದೆ.

ಎಲೆಯೊಂದರ ಮೇಲೆ ಬಿದ್ದ ಬೆಳಕು ಈ ಹಾದಿಯಲ್ಲಿ ಏನಾಗುತ್ತದೆ ಎಂಬುದನ್ನು ಸಾವಧಾನವಾಗಿ ನೋಡಬೇಕು. ಪತ್ರಹರಿತ್ತು ನೀಲಿಯನ್ನು 450ರ ಆಸುಪಾಸಿನಲ್ಲೂ, ಕೆಂಪನ್ನು 670ರ ಆಸುಪಾಸಿನಲ್ಲೂ ಹೀರಿಕೊಳ್ಳುತ್ತದೆ. ನಡುವೆ 550ರ ಬಳಿ ಹೀರುವಿಕೆ ಕಡಿಮೆ. ಅಲ್ಲಿಂದ ಮರಳಿ ಬಂದದ್ದೇ ನಾವು ಕಾಣುವ ಹಸಿರು. ಆದರೆ ಎಲೆ ಅತಿ ಹೆಚ್ಚು ಹೊಳೆಯುವುದು ನಮ್ಮ ಕಣ್ಣಿನ ಎಲ್ಲೆಯ ಆಚೆ. 670ರಲ್ಲಿ ನೂರಕ್ಕೆ ಐದು ಪಾಲು ಬೆಳಕನ್ನಷ್ಟೇ ಹಿಂದಿರುಗಿಸುತ್ತಿದ್ದ ಎಲೆ 750 ತಲುಪುವ ಹೊತ್ತಿಗೆ ನಲವತ್ತು ಐವತ್ತು ಪಾಲನ್ನು ಹಿಂದಿರುಗಿಸುತ್ತದೆ. ಅಷ್ಟು ಕಡಿಮೆ ಅಂತರದಲ್ಲಿ ಅಷ್ಟು ದೊಡ್ಡ ಜಿಗಿತ! ಈ ತರಂಗಗಳು ಪತ್ರಹರಿತ್ತಿನ ಕೆಲಸಕ್ಕೆ ಬರುವುದಿಲ್ಲ. ಎಲೆಯೊಳಗಿನ ಜೀವಕೋಶಗಳ ಗೋಡೆಗಳಿಗೂ ಅವುಗಳ ನಡುವಿನ ಗಾಳಿಯ ಪೊಳ್ಳುಗಳಿಗೂ ತಾಗಿ ಚದುರಿ ಹೊರಗೆ ಬರುತ್ತವೆ. 680ರಿಂದ 740ರವರೆಗಿನ ಈ ಕಡಿದಾದ ಏರಿಗೆ ‘ಕೆಂಪಂಚು’ ಎನ್ನೋಣ.

ಬೆಳೆಯ ಆರೋಗ್ಯದ ಬಗ್ಗೆ ಅತಿ ಸೂಕ್ಷ್ಮ ಸುದ್ದಿ ಇರುವುದು ಈ ಕೆಂಪಂಚಿನಲ್ಲಿ. ಸಾರಜನಕ ಸಾಲದೆ, ಬೇರಿಗೆ ವಿಷಲೋಹ ತಾಗಿ ಅಥವಾ ರೋಗ ಬಂದು ಪತ್ರಹರಿತ್ತು ಕುಗ್ಗಿದರೆ ಆ ಏರು ಕೆಲವೇ ನ್ಯಾನೊಮೀಟರ್‌ಗಳಷ್ಟು ನೀಲಿಯ ಕಡೆಗೆ ಸರಿಯುತ್ತದೆ. ಎಲೆ ಹಳದಿಯಾಗುವುದಕ್ಕೆ ಮೊದಲೇ ಈ ಸರಿತ ಶುರುವಾಗಿರಬಹುದು. ನಮ್ಮ ದೂರಸಂವೇದಿ ಉಪಗ್ರಹಗಳಲ್ಲಿ ದಶಕಗಳಿಂದ ದುಡಿದಿರುವ ಲಿಸ್-3 ಕ್ಯಾಮೆರಾ ಕೆಂಪನ್ನು 620ರಿಂದ 680ರವರೆಗೆ ಒಂದು ಪಟ್ಟಿಯಾಗಿ ನೋಡುತ್ತದೆ. ಅದರ ಮುಂದಿನ ಪಟ್ಟಿ ಶುರುವಾಗುವುದು 770ಕ್ಕೆ. ಇಡೀ ಕೆಂಪಂಚು ಎರಡರ ನಡುವಿನ ಖಾಲಿ ಜಾಗದಲ್ಲಿ ಬೀಳುತ್ತದೆ. ಎಷ್ಟು ಎಕರೆ ಹಸಿರಿದೆ ಎಂದು ಹೇಳಲು ಆ ಕ್ಯಾಮೆರಾ ಸಾಕು, ಹೇಳಿಯೂ ಇದೆ. ಹಸಿರು ಹೇಗಿದೆ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಮುಂದಕ್ಕೆ ಹೋದರೆ ನೀರಿನ ಗುರುತುಗಳು. ಎಲೆಯೊಳಗಿನ ನೀರು 970, 1200, 1450, 1940 ನ್ಯಾನೊಮೀಟರ್‌ಗಳ ಬಳಿ ಬೆಳಕನ್ನು ಹೀರುತ್ತದೆ. ಕೊನೆಯ ಎರಡು ಗುರುತುಗಳು ಬಲು ಢಾಳವಾದವು, ಆದರೆ ವಾತಾವರಣದ ನೀರಾವಿಯೂ ಸರಿಸುಮಾರು ಅಲ್ಲೇ ಬೆಳಕನ್ನು ನುಂಗುವುದರಿಂದ ಆಕಾಶದಿಂದ ನೋಡುವವರಿಗೆ ಅವು ದಕ್ಕುವುದಿಲ್ಲ. ಮೊದಲ ಎರಡು ಮಸುಕಾದ ಗುರುತುಗಳನ್ನೇ ನೆಚ್ಚಬೇಕು. 2100ರ ಬಳಿ ಒಣ ನಾರಿನ, ಅಂದರೆ ಸೆಲ್ಯುಲೋಸ್‌ನ ಗುರುತಿದೆ. ಹಸಿ ಎಲೆಯಲ್ಲಿ ನೀರು ಅದನ್ನು ಮರೆಮಾಡುತ್ತದೆ. ಎಲೆ ಒಣಗಿದಂತೆ ಅದು ಎದ್ದು ಬರುತ್ತದೆ. ಮಣ್ಣಿಗೂ ತನ್ನದೇ ಸಹಿ ಇದೆ. ಕೋಲಾರದ ಮಣ್ಣನ್ನು ಕೆಂಪಾಗಿಸಿರುವ ಕಬ್ಬಿಣದ ಆಕ್ಸೈಡು 900ರ ಸುಮಾರಿಗೆ, ಗ್ರಾನೈಟ್ ಕಲ್ಲು ಸವೆದು ಆದ ಕೆಯೋಲಿನ್ ಜೇಡಿ 2200ರ ಬಳಿ ತಗ್ಗು ತೋರಿಸುತ್ತವೆ. ಈ ಕೊನೆಯ ಅಂಕಿಯನ್ನು ನೆನಪಿಡಿ, ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಗುಡ್ಡಗಳ ಹತ್ತಿರ ಬೇಕಾಗುತ್ತದೆ.

ಭಾರತದಲ್ಲಿ ದೂರಸಂವೇದನೆ ಹುಟ್ಟಿದ್ದೇ ಬೆಳೆಯ ರೋಗವೊಂದರ ನೆಪದಲ್ಲಿ. 1970ರ ಸುಮಾರಿಗೆ ವಿಜ್ಞಾನಿ ಪಿ. ಆರ್. ಪಿಶಾರಟಿ ಅವರ ತಂಡ ಹೆಲಿಕಾಪ್ಟರ್‌ನಲ್ಲಿ ಅವಕೆಂಪು ಫಿಲ್ಮ್ ತುಂಬಿದ ಕ್ಯಾಮೆರಾ ಹೊತ್ತು ಕೇರಳದ ತೆಂಗಿನ ತೋಟಗಳ ಮೇಲೆ ಹಾರಿ, ಬೇರುರೋಗ ತಗುಲಿದ ಮರಗಳನ್ನು ಹುಡುಕಿತ್ತು. 1988ರ ಮಾರ್ಚ್‌ನಲ್ಲಿ ನಮ್ಮ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿತು. ಅಮೆರಿಕದ ಹೈಪೀರಿಯನ್ ಉಪಕರಣ 2000ದಲ್ಲಿ ಕಕ್ಷೆ ಸೇರಿ ಉಪಗ್ರಹದಿಂದಲೂ ನೂರಾರು ಪಟ್ಟಿಗಳಲ್ಲಿ ನೆಲವನ್ನು ನೋಡಬಹುದೆಂದು ತೋರಿಸಿತು. 2008ರಲ್ಲಿ ನಮ್ಮ ಐಎಂಎಸ್-1 ಉಪಗ್ರಹದಲ್ಲಿ 64 ಪಟ್ಟಿಗಳ ಕ್ಯಾಮೆರಾ ಇತ್ತು. ಅದೇ ವರ್ಷದ ಚಂದ್ರಯಾನ-1 ಹೊತ್ತೊಯ್ದ ನಾಸಾದ ಎಂ-ಕ್ಯೂಬ್ ಉಪಕರಣ ಚಂದ್ರನ ಮೇಲೆ ನೀರಿನ ಅಂಶ ಕಂಡದ್ದು ಇದೇ ವಿದ್ಯೆಯಿಂದ. 2015ರ ಡಿಸೆಂಬರ್‌ನಿಂದ 2016ರ ಮಾರ್ಚ್‌ವರೆಗೆ ಇಸ್ರೊ ಮತ್ತು ನಾಸಾ ಜೊತೆಗೂಡಿ ‘ಅವಿರಿಸ್-ಎನ್‌ಜಿ’ ಎಂಬ ಉಪಕರಣವನ್ನು ವಿಮಾನದಲ್ಲಿಟ್ಟು ದೇಶದ 57 ತಾಣಗಳ ಹೊಲ, ಕಾಡು, ಗಣಿ, ಕರಾವಳಿಗಳನ್ನು 5 ನ್ಯಾನೊಮೀಟರ್ ಅಂತರದಲ್ಲಿ ಅಳೆದವು. ಹೈಸಿಸ್ 2018ರ ನವೆಂಬರ್ 29ರಂದು ಪಿಎಸ್‌ಎಲ್‌ವಿ-ಸಿ43ರಲ್ಲಿ ಶ್ರೀಹರಿಕೋಟಾದಿಂದ ಹೊರಟಿತು. ಆ ಉಡಾವಣಾ ಕಟ್ಟೆ ಕೆಜಿಎಫ್‌ನಿಂದ ನೇರ ಗೆರೆಯಲ್ಲಿ ಸುಮಾರು 230 ಕಿಲೋಮೀಟರ್.

ಇಷ್ಟೆಲ್ಲ ಪಟ್ಟಿಗಳಿದ್ದ ಮೇಲೆ ಚುಕ್ಕೆಯನ್ನೂ ಚಿಕ್ಕದಾಗಿಸಬಾರದೇಕೆ? ಇದಕ್ಕೆ ಉತ್ತರ ಬೆಳಕಿನ ಕೊರತೆ. ಉಪಗ್ರಹದ ಕ್ಯಾಮೆರಾ ಒಂದು ಸಲಕ್ಕೆ ನೆಲದ ಒಂದು ಅಡ್ಡಗೆರೆಯನ್ನು ಮಾತ್ರ ನೋಡುತ್ತದೆ. ಆ ಗೆರೆಯ ಬೆಳಕು ನುಣ್ಣನೆಯ ಗೀರುಗಳಿರುವ ಫಲಕದ ಮೇಲೆ ಬಿದ್ದು ಬಣ್ಣಬಣ್ಣವಾಗಿ ಹರಡಿ ಸಂವೇದಕವನ್ನು ತಲುಪುತ್ತದೆ. ಅಷ್ಟರಲ್ಲಿ ಉಪಗ್ರಹ ಮುಂದಿನ ಗೆರೆಗೆ ಹೋಗಿರುತ್ತದೆ. ನೆಲದ ಮೇಲೆ ಅದರ ವೇಗ ಸೆಕೆಂಡಿಗೆ ಏಳು ಕಿಲೋಮೀಟರ್‌ಗೆ ಹತ್ತಿರ. ಅಂದರೆ 30 ಮೀಟರ್ ದಾಟಲು ಅದಕ್ಕೆ ಸಿಗುವ ಸಮಯ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ನಾಲ್ಕರಷ್ಟು. ಅಷ್ಟರೊಳಗೆ ಒಂಬತ್ತು ಗುಂಟೆಯಿಂದ ಬಂದ ಬೆಳಕನ್ನು ಮುನ್ನೂರು ಪಾಲು ಮಾಡಬೇಕು. ಚುಕ್ಕೆ ಚಿಕ್ಕದಾದಷ್ಟೂ ಪ್ರತಿ ಪಾಲಿಗೆ ಬರುವ ಬೆಳಕು ಕ್ಷೀಣವಾಗಿ, ಉಪಕರಣದ ಗದ್ದಲದಲ್ಲಿ ಎಲೆಯ ಸುದ್ದಿ ಮುಚ್ಚಿಹೋಗುತ್ತದೆ. ಈ ಬಿಗಿಯನ್ನು ಸಡಿಲಿಸುವ ಯತ್ನ ಈಗ ಬೆಂಗಳೂರಿನಲ್ಲೇ ನಡೆದಿದೆ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹ್ಮದ್ ಮತ್ತು ಕ್ಷಿತಿಜ್ ಖಂಡೇಲ್ವಾಲ್ 2019ರಲ್ಲಿ ಕಟ್ಟಿದ ಪಿಕ್ಸೆಲ್ ಕಂಪನಿಯ ಮೊದಲ ಮೂರು ‘ಫೈರ್‌ಫ್ಲೈ’ ಉಪಗ್ರಹಗಳು 2025ರ ಜನವರಿಯಲ್ಲಿ ಕಕ್ಷೆ ಸೇರಿದವು. ಅವುಗಳ ಚುಕ್ಕೆ 5 ಮೀಟರ್‌ನದು, ಕಾಲು ಗುಂಟೆ. ಒಂದು ಎಕರೆಗೆ ನಾಲ್ಕೂವರೆ ಚುಕ್ಕೆಯ ಬದಲು ನೂರರವತ್ತು ಚುಕ್ಕೆ. ಆದರೂ ಅಕ್ಕಡಿ ಸಾಲಿನ ಅಗಲ ಐದು ಮೀಟರ್ ಇರುವುದಿಲ್ಲ. ಬೆರಕೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಬೆರಕೆಯನ್ನು ಬಿಡಿಸುವ ಗಣಿತಕ್ಕೆ ಕೋಲಾರ ಜಿಲ್ಲೆ ಬಹಳ ಹಿಂದೆಯೇ ಪ್ರಯೋಗಭೂಮಿ ಆಗಿತ್ತು. 2000ದ ದಶಕದ ಮಧ್ಯಭಾಗದಲ್ಲಿ, ಚಿಕ್ಕಬಳ್ಳಾಪುರ ಇನ್ನೂ ಬೇರೆ ಜಿಲ್ಲೆಯಾಗಿರದಿದ್ದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ, ಉತ್ತಮ್ ಕುಮಾರ್ ಮತ್ತು ನೆದರ್‌ಲೆಂಡ್ಸ್‌ನ ಐಟಿಸಿ ಸಂಸ್ಥೆಯ ನಾರ್ಮನ್ ಕರ್ಲೆ ಇಡೀ ಕೋಲಾರ ಜಿಲ್ಲೆಯನ್ನು ತೆಗೆದುಕೊಂಡು ನಾಸಾದ ಮೋಡಿಸ್ ಉಪಕರಣದ ದತ್ತಾಂಶವನ್ನು ಪರೀಕ್ಷಿಸಿದರು. ಮೋಡಿಸ್‌ನ 36 ಪಟ್ಟಿಗಳು ಇಂದಿನ ಅರ್ಥದ ಹೈಪರ್‌ಸ್ಪೆಕ್ಟ್ರಲ್‌ಗೆ ಸಾಲವು. ಚುಕ್ಕೆಯೂ ಬಲು ದೊಡ್ಡದು: 250 ಮೀಟರ್ ಎಂದು ಹಿಡಿದರೂ ಹದಿನೈದು ಎಕರೆ. ಕೋಲಾರದಲ್ಲಿ ಹದಿನೈದು ಎಕರೆಯೊಳಗೆ ಹೊಲ, ತೋಪು, ಕುಂಟೆ, ಬಂಡೆ, ಊರಿನ ಅಂಚು ಎಲ್ಲವೂ ಬಂದುಬಿಡುತ್ತವೆ. ಆದ್ದರಿಂದಲೇ ಅವರು ಒಂದು ಚುಕ್ಕೆಗೆ ಒಂದೇ ಹೆಸರು ಕೊಡುವ ವಿಧಾನದ ಜೊತೆಗೆ, ಅದರೊಳಗೆ ಕೃಷಿ ಎಷ್ಟು ಪಾಲು, ಕಾಡು ಎಷ್ಟು, ನೆಡುತೋಪು ಎಷ್ಟು, ಪಾಳು ಎಷ್ಟು ಎಂದು ಹಂಚುವ ವಿಧಾನವನ್ನೂ ಪ್ರಯೋಗಿಸಿದರು. ಸಿಕ್ಕ ಉತ್ತರವನ್ನು ಲಿಸ್-3ರ ಹೆಚ್ಚು ಸ್ಪಷ್ಟ ಚಿತ್ರಗಳೊಂದಿಗೆ ತಾಳೆ ನೋಡಿದರು. ಈ ಪ್ರಯತ್ನ ನನಗೆ ಮುಖ್ಯವೆನಿಸುವುದು ಅದರ ಪ್ರಶ್ನೆಯಿಂದ. ಅಮೆರಿಕದ ಅಯೋವಾದ ಮೈಲುಗಟ್ಟಲೆ ಮುಸುಕಿನ ಜೋಳದ ಹೊಲಕ್ಕೆ ಆ ಪ್ರಶ್ನೆ ಬೇಕಿಲ್ಲ, ನಮ್ಮ ನೆಲಕ್ಕೆ ಬೇಕು.

ಹಂಚುವ ಲೆಕ್ಕ ಪ್ರೌಢಶಾಲೆಯ ಬೀಜಗಣಿತವೇ. ಬರಿ ಕೆಂಪು ಮಣ್ಣು ಕೆಂಪು ಬೆಳಕಿನಲ್ಲಿ ನೂರಕ್ಕೆ 20 ಪಾಲು, ಎಲೆ 5 ಪಾಲು ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳಿ. ಒಂದು ಚುಕ್ಕೆಯಿಂದ 8 ಪಾಲು ಬಂದರೆ ಅದರಲ್ಲಿ ಎಲೆ ಐದರಲ್ಲಿ ನಾಲ್ಕು ಭಾಗ, ಮಣ್ಣು ಒಂದು ಭಾಗ ಇರಲೇಬೇಕು. ಅವಕೆಂಪಿನಲ್ಲಿ ಮಣ್ಣಿನದು 30, ಎಲೆಯದು 50 ಎಂದಾದರೆ ಅದೇ ಚುಕ್ಕೆ ಅಲ್ಲಿ 46 ತೋರಿಸಬೇಕು. ತೋರಿಸಿದರೆ ನಮ್ಮ ಹಂಚಿಕೆ ಸರಿ. ತೋರಿಸದಿದ್ದರೆ ಮಣ್ಣು ಮತ್ತು ಎಲೆಯ ಹೊರತಾಗಿ ಮೂರನೆಯದು ಏನೋ ಅಲ್ಲಿದೆ. ಮೂರು ನಾಲ್ಕು ಐದು ವಸ್ತುಗಳಿದ್ದರೆ ಅಷ್ಟು ಸಮೀಕರಣಗಳು ಬೇಕು, ಅಷ್ಟು ಪಟ್ಟಿಗಳು ಬೇಕು. ಹೈಪರ್‌ಸ್ಪೆಕ್ಟ್ರಲ್ ಉಪಕರಣ ಮುನ್ನೂರು ಕೊಡುತ್ತದೆ. ಆದರೆ ಅಕ್ಕಪಕ್ಕದ ಪಟ್ಟಿಗಳು ಬಹುಪಾಲು ಒಂದೇ ಮಾತನ್ನು ಹೇಳುವುದರಿಂದ ನಿಜವಾಗಿ ದಕ್ಕುವ ಬೇರೆಬೇರೆ ಸುದ್ದಿ ಅದಕ್ಕಿಂತ ಎಷ್ಟೋ ಕಡಿಮೆ. ಇನ್ನೊಂದು ತೊಡಕೂ ಇದೆ. ಅವರೆಯ ಅಗಲ ಎಲೆಗೆ ತಾಗಿದ ಬೆಳಕು ಪಕ್ಕದ ರಾಗಿಯ ಕಿರಿದಾದ, ನೆಟ್ಟಗಿನ ಎಲೆಗೆ ಬಡಿದು ಆಮೇಲೆ ಮೇಲಕ್ಕೆ ಹೋಗುತ್ತದೆ. ಆಗ ಸರಳ ಕೂಡುವ ಲೆಕ್ಕ ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಪಟ್ಟಿಯಲ್ಲಿ ರಾಗಿ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ, ಅವರೆ ಎಷ್ಟು ಎಂದು ಮೊದಲೇ ಗೊತ್ತಿರದಿದ್ದರೆ ಈ ಲೆಕ್ಕ ಶುರುವೇ ಆಗುವುದಿಲ್ಲ. ಆ ಕೆಲಸದ ಒಂದು ಭಾಗ ಬೆಂಗಳೂರಿನ ಜಿಕೆವಿಕೆಯಲ್ಲಿ ನಡೆದಿದೆ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಪ್ರಯೋಗ ತಾಕುಗಳಲ್ಲಿ ರಾಗಿ, ಮುಸುಕಿನ ಜೋಳ, ಅವರೆ ಬೆಳೆದು, ಕೆಲವಕ್ಕೆ ನೀರು ಕೊಟ್ಟು, ಕೆಲವನ್ನು ಮಳೆಗೇ ಬಿಟ್ಟು, ಸಾರಜನಕದ ಪ್ರಮಾಣವನ್ನೂ ಬದಲಿಸಿ, ಜರ್ಮನಿಯ ಕಾಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿನವರೊಂದಿಗೆ ಸೇರಿ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾದಿಂದ ಅಳೆದರು. ಮುಂಗಾರಿನುದ್ದಕ್ಕೂ ಪೈರಿನ ತೂಕವನ್ನು ಕೊಯ್ಯದೆಯೇ ಅಂದಾಜು ಮಾಡಬಹುದೇ ಎಂದು ಪರೀಕ್ಷಿಸಿದ ಆ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ರಾಗಿ ಅವರೆಗಳನ್ನು ಹೈಪರ್‌ಸ್ಪೆಕ್ಟ್ರಲ್ ವಿಜ್ಞಾನದ ಒಳಕ್ಕೆ ತಂದ ಕೆಲಸವಾದ್ದರಿಂದ ಅದಕ್ಕೆ ಬೆಲೆ ಇದೆ. ಜಗತ್ತಿನಲ್ಲಿ ಗೋಧಿ, ಭತ್ತ, ಮುಸುಕಿನ ಜೋಳಗಳ ರೋಹಿತದ, ಅಂದರೆ ಹೀಗೆ ಬಿಡಿಸಿ ಅಳೆದ ಬೆಳಕಿನ ಮೇಲೆ ನಡೆದಷ್ಟು ಕೆಲಸ ಸಿರಿಧಾನ್ಯಗಳ ಮೇಲೆ ನಡೆದಿಲ್ಲ.

ಕೋಲಾರದಲ್ಲಿ ಬೆಳೆ ಎಂದರೆ ಟೊಮೆಟೊ ಕೂಡ. ಇಲ್ಲಿ ದುಡ್ಡೂ ಆತಂಕವೂ ರಾಗಿಗಿಂತ ಹೆಚ್ಚು. ಕೊಳವೆಬಾವಿ ಸಾವಿರ ಅಡಿ ದಾಟಿದ ನೆಲದಲ್ಲಿ ಹನಿ ನೀರಾವರಿ, ಮಲ್ಚಿಂಗ್ ಶೀಟು, ಊರುಗೋಲು, ದಾರ, ಔಷಧಿ ಎಂದು ಸುರಿದ ಮೇಲೆ ಬಿಳಿ ನೊಣ ತರುವ ಎಲೆ ಮುದುರು ರೋಗವೋ ಮೋಡದ ವಾತಾವರಣದಲ್ಲಿ ಹಬ್ಬುವ ಅಂಗಮಾರಿಯೋ ಬಂದರೆ ಆ ವರ್ಷ ಮುಗಿಯಿತು. ‘ರೋಗವನ್ನು ಆಕಾಶದಿಂದಲೇ ಮೊದಲೇ ಪತ್ತೆ ಹಚ್ಚುತ್ತೇವೆ’ ಎಂಬ ಮಾತು ರೈತನಿಗೆ ಹಿತವಾಗಿ ಕೇಳಿಸುವುದು ಸಹಜ. ಆ ಮಾತನ್ನು ಯಾರೇ ಆಡಿದರೂ ನಾನು ಎಚ್ಚರದಿಂದ ಕೇಳುತ್ತೇನೆ. ಪ್ರಯೋಗಾಲಯದಲ್ಲಿ ಒಂದೇ ಎಲೆಯನ್ನು ದೀಪದಡಿ ಇಟ್ಟಾಗ ರೋಹಿತದಲ್ಲಿ ಸೋಂಕು ಕಾಣುವುದು ನಿಜ. ಒಂಬತ್ತು ಗುಂಟೆಯಲ್ಲಿ ಹತ್ತು ಗಿಡಕ್ಕೆ ಮಾತ್ರ ರೋಗ ಬಂದಿದ್ದರೆ ಉಪಗ್ರಹಕ್ಕೆ ಅದು ಕಾಣುವುದಿಲ್ಲ. ಅದಕ್ಕೆ ಕಾಣುವಷ್ಟು ಹರಡುವ ಹೊತ್ತಿಗೆ ತೋಟಕ್ಕೆ ದಿನಾ ಹೋಗುವ ಹೆಣ್ಣುಮಕ್ಕಳು ಅದನ್ನು ಕಂಡಿರುತ್ತಾರೆ. ಉಪಗ್ರಹದ ನಿಜವಾದ ಉಪಯೋಗ ಬೇರೆ ಕಡೆ ಇದೆ. ಮಲ್ಚಿಂಗ್ ಶೀಟಿನ ಪಾಲಿಥೀನ್ 1730 ಮತ್ತು 2310 ನ್ಯಾನೊಮೀಟರ್‌ಗಳ ಬಳಿ ತನ್ನದೇ ಗುರುತು ಬಿಡುತ್ತದೆ. ಗಿಡ ಚಿಕ್ಕದಾಗಿದ್ದು ಶೀಟು ತೆರೆದಿರುವಾಗಲೇ ಆ ಗುರುತನ್ನು ಹಿಡಿದು ಎಷ್ಟು ನೆಲಕ್ಕೆ ಶೀಟು ಹಾಸಿದೆ ಎಂದು ತಾಲ್ಲೂಕುವಾರು ಲೆಕ್ಕ ಹಾಕಲು ಸಾಧ್ಯ. ಅದರಲ್ಲಿ ತರಕಾರಿ ನೆಲದ ಅಂದಾಜೂ ಅಡಗಿದೆ. ಎಲ್ಲರೂ ಒಟ್ಟಿಗೆ ಟೊಮೆಟೊ ಹಾಕಿದ್ದಾರೆಂದು ಎರಡು ತಿಂಗಳು ಮುಂಚೆ ಗೊತ್ತಾದರೆ, ಕೋಲಾರದ ಮಾರುಕಟ್ಟೆಯಲ್ಲಿ ಬೆಲೆ ಬಿದ್ದು ಹಣ್ಣನ್ನು ರಸ್ತೆಗೆ ಸುರಿಯುವ ವರ್ಷಗಳಲ್ಲಿ ಕೆಲವನ್ನಾದರೂ ತಪ್ಪಿಸಬಹುದು.

ಕೆಜಿಎಫ್ ಕಡೆಗೆ ಬರೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ ಇಲ್ಲಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳದಿಂದ ಕಲ್ಲು ಮೇಲಕ್ಕೆ ಬಂತು. ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಬೂದುಬಣ್ಣದ ಪುಡಿ ಮೂರು ಕೋಟಿ ಟನ್‌ಗೂ ಹೆಚ್ಚು. ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಸುತ್ತ ಜನ ಸೈನೈಡ್ ಗುಡ್ಡ ಎನ್ನುವುದು ಇವನ್ನೇ. ಮಳೆಗಾಲದಲ್ಲಿ ಅವುಗಳ ಮೈ ಕೊರೆದು ನೀರು ಹರಿಯುತ್ತದೆ; ಆಷಾಢದ ಗಾಳಿಯಲ್ಲಿ ಪುಡಿ ಮನೆಗಳ ಮೇಲೆ, ಹೊಲಗಳ ಮೇಲೆ ಬೀಳುತ್ತದೆ. ಗಣಿ ಮುಚ್ಚಿ ಕಾಲು ಶತಮಾನ ಕಳೆದರೂ ಆ ಪುಡಿ ಎಲ್ಲಿಯವರೆಗೆ ಹೋಗಿದೆ, ಯಾವ ಮಣ್ಣಿಗೆ ಎಷ್ಟು ಸೇರಿದೆ ಎಂಬ ಪ್ರಶ್ನೆ ಅಲ್ಲಿ ವಾಸಿಸುವವರ ಉಸಿರಿನ ಪ್ರಶ್ನೆ.

ಇಂಥದ್ದೇ ಪ್ರಶ್ನೆಗೆ ಹೈಪರ್‌ಸ್ಪೆಕ್ಟ್ರಲ್ ಕೊಟ್ಟ ಅತ್ಯುತ್ತಮ ಉತ್ತರ ಅಮೆರಿಕದ ಕೊಲೊರಾಡೊದ ಲೆಡ್‌ವಿಲ್ ಎಂಬ ಹಳೆಯ ಗಣಿ ಊರಿನದು. 1995ರಲ್ಲಿ ಅವಿರಿಸ್ ಉಪಕರಣ ಹೊತ್ತ ವಿಮಾನ ಅಲ್ಲಿನ ಬೆಳ್ಳಿ–ಸೀಸದ ಗಣಿತ್ಯಾಜ್ಯದ ಮೇಲೆ ಹಾರಿತು. ಗಂಧಕವಿರುವ ಪೈರೈಟ್ ಖನಿಜ ಗಾಳಿ ನೀರಿಗೆ ಸಿಕ್ಕಿ ಆಮ್ಲವಾಗುವಾಗ ಜರೋಸೈಟ್ ಎಂಬ ಹಳದಿ ಖನಿಜ ಹುಟ್ಟುತ್ತದೆ. ಆಮ್ಲ ಕಡಿಮೆಯಾದ ಕಡೆ ಗೋಯೆಥೈಟ್ ಉಳಿಯುತ್ತದೆ. ಎರಡರ ರೋಹಿತವೂ ಬೇರೆ. ಅಮೆರಿಕದ ಭೂಗರ್ಭ ಸರ್ವೇಕ್ಷಣೆಯವರು ಆ ಖನಿಜಗಳ ನಕ್ಷೆ ಬರೆದು, ಯಾವ ರಾಶಿಯಿಂದ ಆಮ್ಲ ಮತ್ತು ಲೋಹ ಹರಿಯುವ ಅಪಾಯ ಹೆಚ್ಚು ಎಂದು ಬೊಟ್ಟುಮಾಡಿ ತೋರಿಸಿದರು. ಮೊದಲು ಎಲ್ಲಿ ಶುಚಿಮಾಡಬೇಕು ಎಂಬುದು ನಕ್ಷೆಯಿಂದಲೇ ತಿಳಿಯಿತು.

ಕೆಜಿಎಫ್‌ನ ಭೂವಿಜ್ಞಾನ ಬೇರೆ, ಆದರೆ ಈ ದಾರಿ ಇಲ್ಲಿಗೂ ಸಲ್ಲುತ್ತದೆ ಎಂದು ನಾನು ನಂಬುತ್ತೇನೆ. ಇಲ್ಲಿನ ಪ್ರಸಿದ್ಧ ಚಾಂಪಿಯನ್ ಅದಿರೆಳೆಯ ಚಿನ್ನ ಬೆಣಚುಕಲ್ಲಿನಲ್ಲಿ ಇತ್ತು. ಪಶ್ಚಿಮದ ಎಳೆಗಳಲ್ಲಿ ಗಂಧಕದ ಖನಿಜಗಳು ಹೆಚ್ಚು. ಆದ್ದರಿಂದ ಎಲ್ಲ ಗುಡ್ಡಗಳೂ ಒಂದೇ ಅಲ್ಲ. ಬೆಣಚು ಈ ಬೆಳಕಿನ ಹರವಿನಲ್ಲಿ ಏನನ್ನೂ ತೋರಿಸದ ಮೂಕ ಖನಿಜ. ಆದರೆ ಚಿನ್ನದ ಎಳೆಗಳನ್ನು ಸುತ್ತುವರಿದಿದ್ದ ಕಪ್ಪುಗಲ್ಲು ಆಂಫಿಬೊಲೈಟ್; ಅದರಲ್ಲಿನ ಹಾರ್ನ್‌ಬ್ಲೆಂಡ್ ಖನಿಜದ ಗುರುತುಗಳು 2320 ಮತ್ತು 2390ರ ಸುಮಾರಿಗೆ ಬೀಳುತ್ತವೆ. ಸುತ್ತಲಿನ ಹೊಲಗಳ ಜೇಡಿಯದು 2200 ಎಂದು ಆಗಲೇ ನೋಡಿದೆವು. ಹೊಲದ ಬರಿ ಮಣ್ಣಿನಲ್ಲಿ 2200ರ ತಗ್ಗು ಆಳ ಕಳೆದುಕೊಂಡು 2320ರ ತಗ್ಗು ಮೂಡುತ್ತಾ ಹೋದರೆ, ಆ ಮಣ್ಣಿನ ಮೇಲೆ ಗಣಿಯ ಪುಡಿ ಕೂತಿರುವ ಅನುಮಾನಕ್ಕೆ ಆಧಾರ ಸಿಕ್ಕಂತೆ. ಏಪ್ರಿಲ್–ಮೇ ತಿಂಗಳಲ್ಲಿ, ಉತ್ತ ಹೊಲಗಳಲ್ಲಿ ಪೈರಿಲ್ಲದಿದ್ದಾಗ, ಇದನ್ನು ನೋಡಬೇಕು. ಪೈರಿದ್ದಾಗ ಕೆಂಪಂಚಿನ ಸರಿತವನ್ನು ನೋಡಬೇಕು.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಮಣ್ಣಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಸೈನೈಡನ್ನಾಗಲಿ ಆರ್ಸೆನಿಕ್ಕನ್ನಾಗಲಿ ಯಾವ ಉಪಗ್ರಹವೂ ನೇರವಾಗಿ ಕಾಣಲಾರದು. ಕಾಣುವುದು ಅವುಗಳ ಜೊತೆಗಾರ ಖನಿಜಗಳು ಮತ್ತು ಗಿಡದ ಮೇಲಾದ ಪರಿಣಾಮ. ವಿಷವನ್ನು ಅಳೆಯಲು ಮಣ್ಣನ್ನು, ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಒಯ್ಯಲೇಬೇಕು. ಎಲ್ಲಿಂದ ಬಾಟಲಿ ತುಂಬಬೇಕು ಎಂದು ನಕ್ಷೆ ಹೇಳುತ್ತದೆ, ಅಷ್ಟೆ. ಮಾಪನ ಬಡವರ ಓಣಿಗಳ ತನಕ ಬರದ ಊರಿನಲ್ಲಿ ಆ ಅಷ್ಟಕ್ಕೂ ಬಹಳ ಬೆಲೆಯಿದೆ. ಕಾಣದ್ದನ್ನು ಅಳೆಯುವುದು ಕೆಜಿಎಫ್‌ಗೆ ಹೊಸತಲ್ಲ: 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವನ್ನು ಜಗತ್ತಿನಲ್ಲಿ ಮೊದಲು ಕಂಡ ಪ್ರಯೋಗಗಳಲ್ಲಿ ಒಂದು ನಡೆದದ್ದು ಇದೇ ಗಣಿಗಳ ಆಳದಲ್ಲಿ.

ಇನ್ನು ಕಾಡಿನ ಮಾತು. ಬಂಗಾರಪೇಟೆಯ ದಕ್ಷಿಣಕ್ಕೆ, ಕಾಮಸಮುದ್ರದ ಕಡೆಗೆ ಹೋದರೆ ಆಂಧ್ರ, ತಮಿಳುನಾಡಿನ ಗಡಿಗೆ ತಾಗಿದ ಕುರುಚಲು ಮತ್ತು ಎಲೆಯುದುರುವ ಕಾಡು. ಆನೆಗಳು ಗಡಿ ದಾಟಿ ಬಂದು ಹೊಲಕ್ಕಿಳಿಯುವ ಸೀಮೆ. ಈ ಕಾಡಿನ ಸ್ಥಿತಿಯನ್ನು ಹಸಿರಿನ ಪ್ರಮಾಣದಿಂದ ಅಳೆದರೆ ಮೋಸಹೋಗುತ್ತೇವೆ. ಬೇಸಿಗೆಯಲ್ಲಿ ಉಪಗ್ರಹ ಚಿತ್ರದಲ್ಲಿ ಹಸಿರಾಗಿ ಹೊಳೆಯುವುದು ನೀಲಗಿರಿ ತೋಪು, ಕೆರೆಯಂಗಳ ತುಂಬಿದ ಬಳ್ಳಾರಿ ಜಾಲಿ, ಲಂಟಾನದ ಪೊದೆ. ನಿಜವಾದ ಕಾಡು ಎಲೆ ಉದುರಿಸಿ ಕಂದಾಗಿ ನಿಂತಿರುತ್ತದೆ. ನೀಲಗಿರಿಯ ಎಲೆ ಇಳಿಬಿದ್ದು ಮೇಲಿನಿಂದ ಬರುವ ಬೆಳಕಿಗೆ ಅಂಚು ಕೊಟ್ಟಿರುವುದರಿಂದ ಅದರ ಅವಕೆಂಪಿನ ಹೊಳಪೂ ಬೇರೆಯೇ. ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಂತರ್ಜಲ ಬತ್ತಿದ ಈ ಜಿಲ್ಲೆಯಲ್ಲಿ ಆ ತೋಪುಗಳು ಎಲ್ಲಿ ಉಳಿದಿವೆ, ಎಲ್ಲಿ ಕಡಿದ ಬುಡದಿಂದ ಮತ್ತೆ ಚಿಗುರಿವೆ ಎಂದು ತಿಳಿಯಲು ಜನವರಿಯದೊಂದು, ಏಪ್ರಿಲ್‌ನದೊಂದು ಹೈಪರ್‌ಸ್ಪೆಕ್ಟ್ರಲ್ ಚಿತ್ರ ಸಾಕಾಗಬಹುದು. ಬೆಂಕಿಯ ಮುನ್ಸೂಚನೆಗೂ ಇದು ಬೇಕು. 2100ರ ಸೆಲ್ಯುಲೋಸ್ ಗುರುತು ಒಣ ಹುಲ್ಲನ್ನು ಬರಿ ಮಣ್ಣಿನಿಂದ ಬೇರ್ಪಡಿಸುತ್ತದೆ. ಸಾಮಾನ್ಯ ಚಿತ್ರದಲ್ಲಿ ಎರಡೂ ಕಂದು. ಫೆಬ್ರವರಿಯಲ್ಲಿ ಯಾವ ಗುಡ್ಡದಲ್ಲಿ ಒಣ ಹುಲ್ಲು ದಟ್ಟವಾಗಿದೆ ಎಂದು ಗೊತ್ತಿದ್ದರೆ ಬೆಂಕಿರೇಖೆಯನ್ನು ಅಲ್ಲಿ ಮೊದಲು ಕಡಿಯಬಹುದು.

ಇಷ್ಟು ಹೇಳಿದ ಮೇಲೂ ದೊಡ್ಡ ಅಡ್ಡಿ ಒಂದು ಉಳಿದಿದೆ. ಮೋಡ. ರಾಗಿ ಬಿತ್ತುವುದು ಜುಲೈ–ಆಗಸ್ಟ್‌ನಲ್ಲಿ. ಕೋಲಾರಕ್ಕೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಅಂದರೆ ಪೈರು ಬೆಳೆದು ತೆನೆಗಟ್ಟುವ ದಿನಗಳಲ್ಲೇ ಆಕಾಶ ಮುಚ್ಚಿರುತ್ತದೆ. ಈ ಉಪಕರಣಗಳು ಸೂರ್ಯನ ಬೆಳಕನ್ನೇ ನೆಚ್ಚಿಕೊಂಡಿರುವುದರಿಂದ ಮೋಡದೊಳಗೆ ನೋಡಲಾರವು. ಹಾಗಾಗಿ ಬೆರಕೆ ಬಿಡಿಸುವ ಕೆಲಸಕ್ಕೆ ಹೆಚ್ಚು ಪಟ್ಟಿಗಳಿಗಿಂತ ಸರಿಯಾದ ತಿಂಗಳು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಕೋಲಾರದ ಒಕ್ಕಲುತನವೇ ಆ ತಿಂಗಳನ್ನು ಸೂಚಿಸುತ್ತದೆ. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ರಾಗಿ ಕೊಯ್ಲಾಗುತ್ತದೆ. ಆದರೆ ಅಕ್ಕಡಿ ಸಾಲಿನ ಅವರೆ, ತೊಗರಿ ಇನ್ನೂ ಹಸಿರಾಗಿ ಹೊಲದಲ್ಲಿ ನಿಂತಿರುತ್ತವೆ. ಸೊಗಡಿನ ಅವರೆಕಾಯಿ ಬರುವುದೇ ಆಗ. ಆಕಾಶವೂ ತಿಳಿಯಾಗಿರುತ್ತದೆ. ಕೊಯ್ಲಿಗೆ ಮುಂಚೆ ಸಿಕ್ಕ ಒಂದು ಚಿತ್ರ, ಕೊಯ್ಲಾದ ಮೇಲೆ ಒಂದು. ಎರಡನೆಯದರಲ್ಲಿ ಒಂಬತ್ತು ಗುಂಟೆಯ ಚುಕ್ಕೆಯೊಳಗೆ ಕೂಳೆ, ಮಣ್ಣು ಮತ್ತು ಅವರೆ–ತೊಗರಿಯ ಹಸಿರು ಮಾತ್ರ. ಆ ಹಸಿರಿನ ಪಾಲು ಗೊತ್ತಾದರೆ ಮೊದಲನೆಯ ಚಿತ್ರದಿಂದ ಅದನ್ನು ಕಳೆದು ರಾಗಿಯ ಪಾಲನ್ನು ಹೆಚ್ಚು ಧೈರ್ಯದಿಂದ ಹೇಳಬಹುದು. ಅಕ್ಕಡಿ ಬೆಳೆಯ ನೆಲವೆಷ್ಟು ಎಂಬ ಲೆಕ್ಕ ಸಿಗಲು ಇದೊಂದು ದಾರಿ.

ಅದನ್ನು ತಾಳೆ ನೋಡಲು ಬೇಕಾದ ನೆಲದ ಮಾಹಿತಿ ನಮ್ಮ ರಾಜ್ಯದಲ್ಲಿ ಈಗಾಗಲೇ ಒಂದಷ್ಟಿದೆ. ಬೆಳೆ ಸಮೀಕ್ಷೆಯಲ್ಲಿ ರೈತರೂ ಊರಿನ ಯುವಕರೂ ಸರ್ವೆ ನಂಬರ್, ಹಿಸ್ಸಾ ಸಮೇತ ಪ್ರತಿ ತಾಕಿನ ಬೆಳೆಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ದಾಖಲಿಸುತ್ತಾರೆ. ಇಷ್ಟು ಸಣ್ಣ ತಾಕಿನ ಮಟ್ಟದ ದಾಖಲೆ ಬೇರೆ ನಾಡುಗಳ ದೂರಸಂವೇದಿ ವಿಜ್ಞಾನಿಗಳಿಗೆ ಸುಲಭಕ್ಕೆ ಸಿಗುವಂಥದ್ದಲ್ಲ. ಇನ್ನು ಬೇಕಿರುವುದು ಕೋಲಾರದ ಬೆಳೆ ಮಣ್ಣುಗಳ ರೋಹಿತ ಭಂಡಾರ. ಬಿಸಿಲು ನೆತ್ತಿಯ ಹತ್ತಿರವಿರುವ ಹನ್ನೊಂದರಿಂದ ಒಂದು ಗಂಟೆಯೊಳಗೆ, ಹೆಗಲಿಗೆ ನೇತುಹಾಕುವ ರೋಹಿತಮಾಪಕವನ್ನು ಮೊದಲು ಬಿಳಿ ಫಲಕದ ಮೇಲೆ ಹಿಡಿದು, ಆಮೇಲೆ ಪೈರಿನ ಮೇಲೆ ಹಿಡಿದು ಅಳೆಯಬೇಕು. ಜೊತೆಗೆ ಬರೆದುಕೊಳ್ಳಬೇಕಾದದ್ದು: ತಳಿ ಜಿಪಿಯು-28 ಅಥವಾ ಎಂಎಲ್-365, ಬಿತ್ತಿದ ದಿನ, ಅಕ್ಕಡಿಯಲ್ಲಿ ಏನೇನು, ಕೊಟ್ಟಿಗೆ ಗೊಬ್ಬರವೋ ಯೂರಿಯಾವೋ, ಮಳೆ ಬಿದ್ದು ಎಷ್ಟು ದಿನವಾಯಿತು, ಸೈನೈಡ್ ಗುಡ್ಡ ಯಾವ ದಿಕ್ಕಿಗೆ ಎಷ್ಟು ದೂರ. ಈ ಪಟ್ಟಿಯ ಮೊದಲ ಐದಕ್ಕೆ ಉತ್ತರ ಬಲ್ಲವರು ಹೊಲದವರೇ. ಆದ್ದರಿಂದ ಅಳೆಯಲು ಹೋಗುವ ವಿದ್ಯಾರ್ಥಿ ಅವರು ಹೊಲದಲ್ಲಿ ಇರುವ ಹೊತ್ತಿಗೇ ಹೋಗಬೇಕು, ಮತ್ತು ಡಿಸೆಂಬರ್‌ನಲ್ಲಿ ಕೊಯ್ಲು ಮುಗಿದ ಮೇಲೆ ಅದೇ ಸಾಲಿಗೆ ಇನ್ನೊಮ್ಮೆ ಹೋಗಬೇಕು.